ಕೂಲರಿನಲ್ಲಿ ನೆನೆದ ಬಾರ್ಲಿ

ಅಕ್ಷಯಾಗೆ ಬಿಯರು ಸೇರುವುದಿಲ್ಲ. ಹಾಗಿದ್ದೂ ಅವಳು ಯೂನಿಯನ್ ಸಿಟಿಯ ತನ್ನ ಮನೆಯ ಗರಾಜಿನಲ್ಲಿ ಬಿಯರು ಮಾಡಲು ಹೊರಟದ್ದು ಮೂಗಿಗಾಗಿ.

ಮಂಡ್ಯದಲ್ಲಿ ಕೆಮಿಸ್ಟ್ರಿ ಓದಿದವಳು. ಫ್ರೀಮಾಂಟಿನ ಒಂದು ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಕುಡಿಯುವ ನೀರು ಪರೀಕ್ಷೆ ಮಾಡುತ್ತಿದ್ದಳು. ಯಾವ ಸ್ಯಾಂಪಲ್ಲಿನಲ್ಲಿ ಪಾಚಿಯ ವಾಸನೆ ಇದೆ ಎಂದು ಯಂತ್ರಕ್ಕಿಂತ ಮೊದಲು ಅವಳೇ ಹೇಳುತ್ತಿದ್ದಳು. ಎರಡು ವರ್ಷದ ಹಿಂದೆ ಕೋವಿಡ್ ಬಂತು. ಜ್ವರ ಇಳಿಯಿತು, ವಾಸನೆ ಮಾತ್ರ ಮರಳಲಿಲ್ಲ. ಕಾಫಿ, ಸಾರು ಎಲ್ಲ ಬಿಸಿನೀರಿನ ಹಾಗೆ. ಡಾಕ್ಟರು ದಿನಾ ಲವಂಗ, ನಿಂಬೆಹಣ್ಣು ಮೂಸಿ ಎಂದರು. ಮೂಸಿದಳು. ಅನ್ನ ಹಳಸಿದೆಯೋ ಇಲ್ಲವೋ ಎಂದು ಗಂಡ ಹರ್ಷನನ್ನು ಕೇಳುವಾಗ ಅವಳಿಗೆ ನಾಚಿಕೆಯಾಗುತ್ತಿತ್ತು.

ಒಂದು ಶನಿವಾರ ಇಬ್ಬರೂ ಅವಳ ಸಹೋದ್ಯೋಗಿ ಅರವಿಂದನ ಮನೆಗೆ ಹೋಗಿದ್ದರು. ಅವನು ಬಿಯರಿಗೆಂದು ಬಿಸಿನೀರಿನಲ್ಲಿ ಬಾರ್ಲಿ ನೆನೆಸಿದ್ದ ಪಾತ್ರೆಯ ಮುಚ್ಚಳ ತೆಗೆದ. ಹಬೆ ಮುಖಕ್ಕೆ ಬಡಿಯಿತು. ಆ ಒಂದು ಕ್ಷಣ ಅವಳ ಮೂಗಿಗೆ ಏನೋ ಬಂತು, ಬೆಚ್ಚಗೆ, ಸಿಹಿಯಾಗಿ. ಮತ್ತೆ ಹೋಯಿತು.

"ಅರವಿಂದ್, ಇದನ್ನ ಮನೇಲಿ ಮಾಡೋದು ಕಷ್ಟಾನಾ?"

"ಒಂದು ಕೂಲರ್ ಇದ್ರೆ ಸಾಕು ಕಣ್ರೀ," ಎಂದ ಅರವಿಂದ.

ಅವನು ಹೇಳಿಕೊಟ್ಟದ್ದು ಸುಲಭವಾಗಿಯೇ ಇತ್ತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಅರವತ್ತೇಳು ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಶಾಖ ಇಳಿಯದಂತೆ ನೆನೆಸಬೇಕು. ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿಕೊಂಡು, ಕುದಿಸಿ, ಯೀಸ್ಟ್ ಹಾಕಿದರೆ ಬಿಯರು.

ಪಿಕ್ನಿಕ್ಕಿಗೆ ಐಸು ತುಂಬಿ ಒಯ್ಯುತ್ತಿದ್ದ ದಪ್ಪಗೋಡೆಯ ದೊಡ್ಡ ಕೂಲರ್ ಡಬ್ಬದ ಪ್ಲಾಸ್ಟಿಕ್ ನಲ್ಲಿ ಕಿತ್ತು ಸ್ಟೀಲಿನದು ಕೂರಿಸಿದಳು. ಸಿಂಕಿನ ಕೆಳಗಿನ ಪೈಪಿಗೆ ಸುತ್ತಿರುವಂಥ ಸ್ಟೀಲಿನ ಜಾಲರಿಯನ್ನು ಒಂದು ಹಳೆಯ ಪೈಪಿನಿಂದ ಬಿಡಿಸಿ, ಒಳಗಿನಿಂದ ನಲ್ಲಿಗೆ ಜೋಡಿಸಿ ಸೋಸುವ ಹಾಗೆ ಮಾಡಿದಳು. ಮೊದಲು ಸೋರಿತು. ವಾಷರ್ ಬದಲಿಸಿದಳು. ಮತ್ತೆ ಸೋರಿತು. ಮೂರನೆಯ ಸಲ ನಿಂತಿತು.

ಆರು ತಿಂಗಳಿಗೆಂದು ಬಂದಿದ್ದ ಅತ್ತೆ ನಂಜಮ್ಮ ಗರಾಜಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು.

"ಮನೇಲಿ ಹೆಂಡ ಮಾಡ್ತೀಯೇನವ್ವಾ?"

"ಹೆಂಡಕ್ಕಲ್ಲ ಅತ್ತೆ, ಮೂಗಿಗೆ," ಎಂದು ಅಕ್ಷಯಾ ಅರವಿಂದನ ಮನೆಯಲ್ಲಿ ಆದದ್ದನ್ನು ಹೇಳಿದಳು. ನಂಜಮ್ಮ ಒಳಗೆ ಹೋದರು.

ಭಾನುವಾರ ಬಾರ್ಲಿಯನ್ನು ಮಿಕ್ಸಿಗೆ ಹಾಕಿ ಪುಡಿಮಾಡಿ, ಕೂಲರಿನಲ್ಲಿ ಬಿಸಿನೀರಿಗೆ ಕಲಸಿದಳು. ಒಂದು ಗಂಟೆಯಾದ ಮೇಲೆ ನಲ್ಲಿ ತಿರುಗಿಸಿದರೆ ನಾಲ್ಕು ಹನಿ ಬಿದ್ದು ನಿಂತುಹೋಯಿತು. ನಲ್ಲಿಗೆ ಬಾಯಿಟ್ಟು ಊದಿದಳು, ಕಲಕಿದಳು. ಹಬೆಯಲ್ಲೂ ಏನೂ ಇರಲಿಲ್ಲ. ಕೂಲರಿನ ಪಕ್ಕ ನೆಲದಲ್ಲೇ ಕುಳಿತಳು.

ನಂಜಮ್ಮ ಬಂದು ಬಗ್ಗಿ ನೋಡಿ, ಒಂದಿಷ್ಟು ಬೆರಳಲ್ಲಿ ಹಿಸುಕಿದರು.

"ಹಿಟ್ಟು ಮಾಡ್ಬಿಟ್ಟಿದ್ದೀಯಲ್ಲವ್ವಾ. ಅಂಟಾಗದೆ ಇನ್ನೇನಾಗ್ತದೆ? ನುಚ್ಚು ಮಾಡ್ಬೇಕು. ಸಿಪ್ಪೆ ಹಂಗೇ ಇರ್ಬೇಕು, ನೀರು ಇಳಿಯೋಕೆ ಸಂದಿ ಬೇಡ್ವಾ?"

ಅಕ್ಷಯಾ ಅರವಿಂದನಿಗೆ ಫೋನು ಮಾಡಿದಳು. ಅವನೂ ಅದನ್ನೇ ಹೇಳಿದ. ಬೇಕಾದರೆ ಒಂದಿಷ್ಟು ಭತ್ತದ ಹೊಟ್ಟು ಸೇರಿಸಿ, ಅಂಗಡಿಯಲ್ಲಿ ಸಿಗುತ್ತೆ ಎಂದ.

"ಹೊಟ್ಟನ್ನೂ ಮಾರ್ತಾರಾ ಇಲ್ಲಿ?" ಎಂದು ನಂಜಮ್ಮ ಬಹಳ ಹೊತ್ತು ನಕ್ಕರು.

ಮುಂದಿನ ಶನಿವಾರ ಅರವಿಂದನ ಕೈಗಿರಣಿ ಬಂತು. ನಂಜಮ್ಮ ಸೀರೆ ಸೆರಗು ಸಿಕ್ಕಿಸಿಕೊಂಡು ತಾವೇ ಹಿಡಿ ತಿರುಗಿಸಿದರು. ಎರಡು ಮುಷ್ಟಿ ಕಾಳು ಒಡೆದು, ಅಂಗೈಯಲ್ಲಿ ಹರಡಿ ನೋಡಿ, "ಗಿರಣಿ ಇನ್ನೊಂಚೂರು ಸಡಿಲ ಮಾಡು," ಎಂದರು. ಕಾಳು ಮೂರು ನಾಲ್ಕು ಚೂರಾಗಿ, ಸಿಪ್ಪೆ ಇಡಿಯಾಗಿ ಉಳಿಯುವ ಹದ ಸಿಕ್ಕಿತು. ಹೊಟ್ಟು ಬೆರೆಸಿ, ಬಿಸಿನೀರು ಸುರಿದು, ಕೂಲರಿಗೆ ಹಳೆಯ ಕಂಬಳಿ ಹೊದಿಸಿದರು.

ಗಂಟೆಯಾದ ಮೇಲೆ ನಲ್ಲಿ ತಿರುಗಿಸಿದಾಗ ಜೇನಿನ ಬಣ್ಣದ ನೀರು ಎಳೆಯಾಗಿ ಇಳಿಯಿತು. ಅಕ್ಷಯಾ ಮುಚ್ಚಳ ತೆಗೆದು ಮುಖವೊಡ್ಡಿದಳು. ಮೊದಲಿಗೆ ಬರೀ ಬಿಸಿ. ಕಣ್ಣು ಮುಚ್ಚಿ ಹಾಗೇ ನಿಂತಳು.

"ಬಂತಾ?" ಎಂದು ನಂಜಮ್ಮ ಮೆಲ್ಲಗೆ ಕೇಳಿದರು.

"ಬರ್ತಿದೆ ಅತ್ತೆ. ಹುರಿಹಿಟ್ಟಿನ ಥರ." ಈ ಸಲ ಅದು ಓಡಿಹೋಗಲಿಲ್ಲ. ಹಬೆ ಆರುವ ತನಕ ಇತ್ತು. ಅವಳ ಕೆನ್ನೆ ಒದ್ದೆಯಾಗಿತ್ತು. ನಂಜಮ್ಮ ಸೆರಗಿನಿಂದ ಒರೆಸಿದರು.

ಆಮೇಲೆ ಒಂದು ಲೋಟ ಸಿಹಿನೀರು ಹಿಡಿದು, "ಇದ್ರಲ್ಲಿ ಮತ್ತು ಇರಲ್ಲ ತಾನೆ?" ಎಂದು ಖಚಿತ ಮಾಡಿಕೊಂಡು ಕುಡಿದರು. ಚೆನ್ನಾಗಿದೆ ಎಂದು ಇನ್ನರ್ಧ ಲೋಟ ಕೇಳಿದರು.

ಮಿಕ್ಕ ಸಿಹಿನೀರಿನಿಂದಾದ ಬಿಯರನ್ನು ಹರ್ಷ, ಅರವಿಂದ ಕುಡಿದು ಸ್ವಲ್ಪ ನೀರಾಯಿತು ಎಂದರು. ಅಕ್ಷಯಾ ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ವಾರಕ್ಕೊಮ್ಮೆ ಕೂಲರು ತುಂಬಿದಳು. ಮೂರನೆಯ ತಿಂಗಳಲ್ಲಿ ಕರಿಬೇವಿನ ವಾಸನೆ ಸಿಕ್ಕಿತು, ಆಮೇಲೆ ಮಲ್ಲಿಗೆ ಎಣ್ಣೆಯದು. ಲ್ಯಾಬಿನಲ್ಲಿ ಇನ್ನೂ ಯಂತ್ರವನ್ನೇ ನಂಬಬೇಕು. ಕೆಲವು ವಾಸನೆ ಬರುತ್ತವೆ, ಕೆಲವು ಇಲ್ಲ. ಡಾಕ್ಟರು ಇದು ಒಳ್ಳೆಯ ಲಕ್ಷಣ ಎಂದಿದ್ದಾರೆ.

ನಂಜಮ್ಮ ಈಗ ಮುಂದಿನ ಸಲದ ಕೂಲರಿಗೆಂದು ಅಡುಗೆಮನೆಯಲ್ಲಿ ರಾಗಿ ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟಿದ್ದಾರೆ. ಬಾರ್ಲಿಗಿಂತ ಮೊಳಕೆ ರಾಗಿಯ ಘಮವೇ ಜಾಸ್ತಿ ಅಂತ ಅವರ ವಾದ. ಇವತ್ತು ಬೆಳಗ್ಗೆ ಅಕ್ಷಯಾ ಗಂಟು ಬಿಚ್ಚಿ ನೋಡಿದಳು: ಸೂಜಿಮೊನೆಯಷ್ಟು ಬಿಳಿ ಮೊಳಕೆ ಬಂದಿತ್ತು.