ಹೊನ್ನಯ್ಯ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಲು ಹೋದದ್ದು

ಭದ್ರಾವತಿಯ ಹೊನ್ನಯ್ಯ ಇಪ್ಪತ್ತು ವರ್ಷಕ್ಕೂ ಮೇಲೆ ಖಾಸಗಿ ಬಸ್ ಓಡಿಸಿದವನು. ಬಾಗಿಲಲ್ಲಿ ನೇತಾಡುವವರು ಒಳಗೆ ಬರುವ ತನಕ ಗಾಡಿ ಎತ್ತುತ್ತಿರಲಿಲ್ಲ. ಅದಕ್ಕಾಗಿ ಕಂಡಕ್ಟರುಗಳಿಂದ ಬೈಸಿಕೊಂಡದ್ದೂ ಉಂಟು. ೨೦೦೭ರ ದೀಪಾವಳಿ ಕಳೆದ ಮೇಲೆ ಇದ್ದಕ್ಕಿದ್ದಂತೆ ಸ್ಟೇರಿಂಗ್ ಬಿಟ್ಟ. "ಮಾಲೀಕ್ರು ಬಸ್ ಮಾರಿದ್ರು" ಎಂದಷ್ಟೇ ಹೆಂಡತಿ ವಸಂತಮ್ಮನಿಗೆ ಹೇಳಿ, ಬಸ್ಸು ತೊಳೆಯುವ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿಕೊಂಡ. ಮಾತು ಕಡಿಮೆಯಾಯಿತು. ಊಟಕ್ಕೆ ಕೂತರೆ ತಟ್ಟೆಯ ಮೇಲೆ ಬೆರಳಾಡಿಸಿ ಪಲ್ಯ ಹುಡುಕುತ್ತಿದ್ದ. ದಣಿವಿರಬೇಕು ಎಂದು ಮನೆಯವರು ಅಂದುಕೊಂಡರು.

ಮಗಳು ಸುಷ್ಮಾ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದಳು. ಕಾಲೇಜಿನ ಲ್ಯಾಬು ಸಂಜೆಗೇ ಮುಚ್ಚುತ್ತಿತ್ತು. ಗೆಳತಿ ರಶ್ಮಿಯ ಲ್ಯಾಪ್‌ಟಾಪನ್ನು ಮತ್ತೆ ಮತ್ತೆ ಕೇಳಲು ಅವಳಿಗೆ ನಾಚಿಕೆ. ಆದರೂ ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೊನ್ನಯ್ಯನೇ ಒಂದು ಶನಿವಾರ, "ನಡಿ, ಚೀಟಿ ಎತ್ತಿದೀನಿ. ನಿಂಗೊಂದು ಲ್ಯಾಪ್‌ಟಾಪ್ ನೋಡ್ಕೊಂಡ್ ಬರೋಣ" ಎಂದ.

ಶಿವಮೊಗ್ಗದ ದುರ್ಗಿಗುಡಿಯ ಕಂಪ್ಯೂಟರ್ ಅಂಗಡಿಯಲ್ಲಿ ಪ್ರಸನ್ನಕುಮಾರ್ ಎಂಬ ಮಾಲೀಕ ಎರಡನ್ನು ತೆಗೆದಿಟ್ಟ. ಒಂದು ಹೊಸದು, ವಾರಂಟಿ ಇದ್ದದ್ದು. ಇನ್ನೊಂದು ಯಾರೋ ಬಳಸಿ ಬಿಟ್ಟದ್ದು, ಅರ್ಧ ಬೆಲೆಯದು.

"ಓದೋಕೆ, ಪ್ರೋಗ್ರಾಂ ಬರೆಯೋಕೆ ಎರಡೂ ಸಾಕಮ್ಮ. ಹಳೇದರ ಬ್ಯಾಟರಿ ಮಾತ್ರ ನಿಲ್ಲಲ್ಲ. ಚಾರ್ಜರ್ ಹಾಕ್ಕೊಂಡೇ ಕೂರಬೇಕು."

ಹೊನ್ನಯ್ಯ ಹೊಸದನ್ನು ತನ್ನತ್ತ ತಿರುಗಿಸಿಕೊಂಡ. ಹೊಳೆಯುವ ಪರದೆಯ ಮೇಲೆ ಅಂಗಡಿಯ ಟ್ಯೂಬ್‌ಲೈಟಿನ ಬೆಳಕು ಬಿದ್ದಿತ್ತು.

"ಇದೇ ಇರ್ಲಿ. ಅಕ್ಷರ ಎಲ್ಲಾ ಎಷ್ಟ್ ಚೆನ್ನಾಗಿ ಕಾಣ್ತಿದೆ ನೋಡು ಮಾರಾಯ್ತಿ!"

ಗುಂಡಿ ಒತ್ತಲು ಹೊರಟಿದ್ದ ಪ್ರಸನ್ನಕುಮಾರನ ಕೈ ಅಲ್ಲೇ ನಿಂತಿತು. ಅವನಿನ್ನೂ ಅದನ್ನು ಆನ್ ಮಾಡಿರಲಿಲ್ಲ.

ಸುಷ್ಮಾ ಕಪ್ಪು ಪರದೆಯನ್ನೂ ಅಪ್ಪನ ನಗುಮುಖವನ್ನೂ ನೋಡಿದಳು. ತಟ್ಟೆಯ ಮೇಲೆ ಆಡುತ್ತಿದ್ದ ಬೆರಳು ನೆನಪಾಯಿತು.

"ಹಳೇದೇ ಕೊಡಿ" ಎಂದಳು ಅಂಗಡಿಯವನಿಗೆ. "ಉಳಿದಿದ್ರಲ್ಲಿ ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ ಅಪ್ಪ."

ಹೊನ್ನಯ್ಯ ಗಲ್ಲಾದ ಅಂಚು ಹಿಡಿದುಕೊಂಡು, ಚೀಟಿಯ ದುಡ್ಡನ್ನು ಮಗಳ ಕೈಗೇ ಕೊಟ್ಟ. ಅಲ್ಲಗಳೆಯಲಿಲ್ಲ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ತಾನಾಗಿಯೇ ಹೇಳಿದ. "ಮಾಲೀಕ್ರು ಬಸ್ ಮಾರಿರ್ಲಿಲ್ಲ ಕಣೇ. ಮಾಚೇನಹಳ್ಳಿ ಹತ್ರ ಮಗು ಎತ್ಕೊಂಡು ಒಬ್ಳು ರಸ್ತೆ ದಾಟ್ತಿದ್ಲು. ನಂಗೆ ಕಾಣ್ಲೇ ಇಲ್ಲ. ಕ್ಲೀನರ್ ಕೂಗಿದ್ದಕ್ಕೆ ಬ್ರೇಕ್ ಒತ್ತಿದೆ. ಆಯಮ್ಮನ ಸೆರಗು ಬಂಪರಿಗೆ ತಾಗಿತ್ತು. ಅವತ್ತೇ ಕೀ ಕೊಟ್ಟು ಬಂದ್‌ಬಿಟ್ಟೆ."

"ಆಗ್ಲೇ ಯಾಕೆ ತೋರಿಸ್ಲಿಲ್ಲ?"

"ಕಣ್ಣು ಹೋಯ್ತು ಅಂತ ಗೊತ್ತಾದ್ರೆ ಶೆಡ್ಡಲ್ಲೂ ಯಾರು ಇಟ್ಕೋತಾರೆ? ನಿನ್ನ ಓದು ಮುಗೀಲಿ ಅಂತಿದ್ದೆ."

ಸೋಮವಾರ ಡಾಕ್ಟರು ಪರೀಕ್ಷೆ ಮಾಡಿದರು. ಸಕ್ಕರೆ ಕಾಯಿಲೆ ಎಂದೋ ಕಣ್ಣಿಗೆ ಇಳಿದಿತ್ತು. ಅವನು ಎಂದೂ ರಕ್ತ ಪರೀಕ್ಷೆ ಮಾಡಿಸಿದವನೇ ಅಲ್ಲ. "ಹೋಗಿದ್ದು ಬರಲ್ಲ. ಉಳಿದಿದ್ದನ್ನ ಕಾಪಾಡೋಕೆ ನೋಡೋಣ" ಎಂದರು. ಕಣ್ಣಿಗೆ ಲೇಸರ್ ಚಿಕಿತ್ಸೆ ಮಾಡಿದರು. ಉಳಿದದ್ದೂ ಮುಂದಿನ ಮಳೆಗಾಲದ ಹೊತ್ತಿಗೆ ಮಸುಕಾಗಿ, ಹಗಲು ಯಾವುದು ಇರುಳು ಯಾವುದು ಎಂದು ತಿಳಿಯುವಷ್ಟೇ ಮಿಕ್ಕಿತು.

ಸುಷ್ಮಾ ಆ ಹಳೆಯ ಲ್ಯಾಪ್‌ಟಾಪಿನಲ್ಲೇ ಪ್ರಾಜೆಕ್ಟ್ ಮುಗಿಸಿದಳು. ಕರೆಂಟು ಹೋದಾಗೆಲ್ಲ ಅದು ಆರಿ, ಬರೆದದ್ದು ಅಳಿಸಿಹೋಗುತ್ತಿತ್ತು; ಅವಳು ಗೊಣಗದೆ ಮತ್ತೆ ಬರೆಯುತ್ತಿದ್ದಳು. ಪಾಸಾದ ವರ್ಷ ಆರ್ಥಿಕ ಹಿಂಜರಿತದಿಂದಾಗಿ ಕಂಪನಿಗಳು ಕ್ಯಾಂಪಸ್ಸಿಗೆ ಬರಲಿಲ್ಲ. ಭದ್ರಾವತಿಯಲ್ಲೇ ಕಂಪ್ಯೂಟರ್ ಹೇಳಿಕೊಡುವ ಸಣ್ಣ ಕೆಲಸ ಹಿಡಿದಳು.

ಮಾಚೇನಹಳ್ಳಿಯ ಸಂಗತಿ ವಸಂತಮ್ಮನಿಗೆ ಗೊತ್ತಾದದ್ದು ಬಹಳ ತಡವಾಗಿ, ಮಗಳ ಬಾಯಿಂದ. ಅವಳು ಅಳಲಿಲ್ಲ. ಗಂಡನ ಎದುರು ಬಂದು ನಿಂತು, "ಇಷ್ಟು ದಿನ ಒಬ್ರೇ ಕತ್ತಲಲ್ಲಿ ಕೂತಿದ್ರಲ್ರೀ, ನನ್ನನ್ಯಾಕೆ ಕರೀಲಿಲ್ಲ?" ಎಂದಳು.

ಹೊನ್ನಯ್ಯ ದನಿ ಬಂದ ಕಡೆಗೆ ಮುಖ ತಿರುಗಿಸಿದ.