ಸೆರಗಿನ ಗಂಟು

ತೊಂಬತ್ತರ ದಶಕದ ಮಾತು. ಒಂದು ಸಂಜೆ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಸಿಟಿ ಬಸ್ ಹತ್ತಿದ್ದೆ. ಮಳೆ ನಿಂತು ಕಾಮನಬಿಲ್ಲು ಮೂಡಿತ್ತು. ಪಕ್ಕದಲ್ಲಿ ಕೊರಳಿಗೆ ಶಿಲುಬೆ ಹಾಕಿಕೊಂಡಿದ್ದ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಕಾಮನಬಿಲ್ಲನ್ನು ತೋರಿಸಿ, "ಕೋಪ ಬಂದು ದೇವರು ಲೋಕಾನೇ ಮುಳುಗಿಸಿಬುಟ್ರು ಕಣಪ್ಪ. ಆಮೇಲೆ ಇನ್ನು ಮುಳುಗಿಸಲ್ಲ ಅಂತ ಮಾತು ಕೊಟ್ಟು ಇದನ್ನಿಟ್ರು" ಅಂದರು.

"ನಮಗೆ ನೆನಪಿರಲಿ ಅಂತಲೇನಮ್ಮ?"

"ನಮಗಲ್ಲ, ದೇವರಿಗೇ ನೆನಪಿರಲಿ ಅಂತ. ನಾವು ಮರೀಬಾರ್ದು ಅಂತ ಸೆರಗಿಗೆ ಗಂಟು ಹಾಕ್ಕೊಳ್ಳಲ್ವಾ, ಹಂಗೆ."

ಅವರ ಸೆರಗಿನಲ್ಲೂ ಒಂದು ಗಂಟಿತ್ತು. ಅದು ಯಾತಕ್ಕೆಂದು ಕೇಳಿದೆ.

"ತಂಗಿ ಮನೆಗೆ ಹೊರಟಿದೀನಿ. ಎಷ್ಟೋ ವರ್ಷದಿಂದ ಮಾತಿಲ್ಲ. ಹಳೇದೇನೂ ಎತ್ತಬಾರ್ದು ಅಂತ."

ಯಾದವಗಿರಿಯಲ್ಲಿ ಇಳಿಯುವ ಮುಂಚೆ ಅವರು ಇನ್ನೊಂದು ಗಂಟು ಬಿಗಿದುಕೊಂಡರು. ದೇವರಿಗೇನೋ ಒಂದೇ ಸಾಕಾಯಿತು. ಅವನಿಗೆ ತಂಗಿ ಇಲ್ಲವಲ್ಲ.