ಅಪ್ಪನ ಜೊತೆ ನೋಡಿದ ಗಣಿಯ ಸಿನಿಮಾ

2022ರ ಚಳಿಗಾಲದಲ್ಲಿ ಅಪ್ಪ ಊರಿನಿಂದ ಕಡಲು ದಾಟಿ ಸೆರಿಟೋಸ್‌ನ ನಮ್ಮ ಮನೆಗೆ ಬಂದು ಮೂರು ತಿಂಗಳಿದ್ದರು. ಆಗ ನನ್ನ ಮಗಳು ಹೈಸ್ಕೂಲಿನ ಸಿನಿಮಾ ಕ್ಲಾಸಿಗಾಗಿ ಒಂದು ವೆಸ್ಟರ್ನ್ ಚಿತ್ರ ನೋಡಿ ಬರೆಯಬೇಕಿತ್ತು. ಕುದುರೆ, ಕೋವಿ ಇದ್ದರೂ ಅದು ಹಳೆಯ ಕೌಬಾಯ್ ಚಿತ್ರಗಳಂತಲ್ಲ, ಅದರಲ್ಲಿ ಶೂರರೇ ಇಲ್ಲ ಎಂದಿದ್ದಳು. ಗಣಿ ಊರಿನ ಕಥೆ ಎಂದು ಕೇಳಿದ್ದೇ ಅಪ್ಪ, "ನಾನೂ ಬರ್ತೀನಿ" ಎಂದು ಸ್ವೆಟರ್ ಹಾಕಿಕೊಂಡರು. ಅವರು ಇಪ್ಪತ್ತೆಂಟು ವರ್ಷ ಚಿನ್ನದ ಗಣಿಯಲ್ಲಿ, ಸುರಂಗ ಕುಸಿಯದಂತೆ ಮರದ ಕಂಬ ನಿಲ್ಲಿಸುವ ಕೆಲಸ ಮಾಡಿದವರು. ಮನೆಯಲ್ಲಿ ಆ ಮಾತು ಎತ್ತುತ್ತಿದ್ದುದೇ ಅಪರೂಪ.

ಭಾನುವಾರ ಮಧ್ಯಾಹ್ನ ಪಸಡೀನಾದ ಸಣ್ಣ ಥಿಯೇಟರಿನಲ್ಲಿ ಹತ್ತೋ ಹನ್ನೆರಡೋ ಜನರಿದ್ದೆವು. ಬರಿಗೈಯಲ್ಲಿ ಬಂದ ನಾಯಕ ಬೆಳ್ಳಿಯ ಬೆಟ್ಟಕ್ಕೆ ಒಡೆಯನಾಗಿ ಒಂದು ಊರನ್ನೇ ಕಟ್ಟಿಸುತ್ತಾನೆ. ರೈಲು ತನ್ನೂರಿಗೇ ಬರಬೇಕೆಂಬ ಹಟಕ್ಕೆ ಬಿದ್ದು ಅವಸರದಲ್ಲಿ ಸುರಂಗ ಕೊರೆಸುತ್ತಾನೆ.

"ಕಂಬ ಸಾಲದು ಅಲ್ಲಿ" ಎಂದು ಅಪ್ಪ ಜೋರಾಗಿಯೇ ಅಂದುಬಿಟ್ಟರು. ಮುಂದಿನ ಸೀಟಿನವನು ತಿರುಗಿ ನೋಡಿದ. ನಾಚಿಕೆಯಾಗಿ ಅವರ ಕೈ ಒತ್ತಿದೆ. ತೆರೆಯ ಮೇಲೆ ಸುರಂಗ ಒಳಗಿದ್ದವರ ಮೇಲೆಯೇ ಕುಸಿಯಿತು. ಕೊನೆಗೆ ರೈಲು ಬಂದಾಗ ಊರೇ ಖಾಲಿಯಾಗಿತ್ತು, ಹತ್ತುವವರು, ಇಳಿಯುವವರು ಯಾರೂ ಇರಲಿಲ್ಲ.

ಹೊರಗೆ ಬಿಸಿಲಿನಲ್ಲಿ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುವಾಗ ಮಗಳು ಕೇಳಿದಳು, "ತಾತಾ, ವಾಸ್ ಹೀ ಎ ಬ್ಯಾಡ್ ಗೈ?"

"ಕೆಟ್ಟವನಲ್ಲಮ್ಮ. ಅವನಿಗೆ ಅರ್ಜೆಂಟಿತ್ತು. ನನಗೂ ಒಂದ್ಸಲ ಇತ್ತು" ಎಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿದರು. "ನೀನಿನ್ನೂ ಹುಟ್ಟಿರ್ಲಿಲ್ಲ. ಮೇಸ್ತ್ರಿ ಕೆಲಸ ಖಾಲಿಯಾಗಿತ್ತು. ಬೇಗ ಮುಗಿಸಿದೋರಿಗೆ ಸಿಗುತ್ತೆ ಅಂತ ಎರಡು ಕಂಬ ಬಿಟ್ಟು ಮುಂದೆ ಹೋದೆ. ಸಾಹೇಬ್ರು ಬೆನ್ನು ತಟ್ಟಿದ್ರು. ಮನೆಗೆ ಬಂದ್ರೆ ಅನ್ನ ಇಳೀಲಿಲ್ಲ."

"ಆಮೇಲೆ?" ಎಂದೆ.

"ಬೆಳಿಗ್ಗೆ ಹೋಗಿ ಒಪ್ಕೊಂಡೆ. ಎಲ್ಲರನ್ನೂ ಆಚೆ ಕಳಿಸಿ, ನಾನೇ ಒಳಗೆ ಹೋಗಿ ಆ ಎರಡನ್ನೂ ನಿಲ್ಲಿಸ್ದೆ. ಮೇಸ್ತ್ರಿ ಕೆಲಸ ಬೇರೆಯವನಿಗೆ ಹೋಯ್ತು. ಅವನ ಕೈಕೆಳಗೇ ಹನ್ನೊಂದು ವರ್ಷ ಮಾಡ್ದೆ. ಒಳ್ಳೆ ಮನುಷ್ಯ."

ಗಣಿ ಆಫೀಸಿನವರು ಮೇಸ್ತ್ರಿ ಕೆಲಸ ಕೊಡದೆ ಅಪ್ಪನಿಗೆ ಮೋಸ ಮಾಡಿದರು ಎಂದು ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ನಾನೂ ಅದನ್ನೇ ನಂಬಿ ಬೆಳೆದಿದ್ದೆ. "ಅಮ್ಮಂಗೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ನಾಚಿಕೆ ಆಯ್ತು. ಅವಳು ನನ್ನ ಪರವಾಗಿ ಜಗಳ ಆಡ್ತಿದ್ಲು. ಅದು ನನಗೆ ಇಷ್ಟಾನೂ ಆಗ್ತಿತ್ತು" ಎಂದು ಅಪ್ಪ ಸಣ್ಣಗೆ ನಕ್ಕರು. ನನಗೆ ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ಅವರ ಕಣ್ಣು ತುಂಬಿದ್ದು ನೋಡಿ ಅವರ ಪಕ್ಕಕ್ಕೆ ಸರಿದು ಕೂತೆ.

"ವರ್ ಯೂ ಸ್ಕೇರ್ಡ್, ತಾತಾ?" ಎಂದಳು ಮಗಳು.

"ತುಂಬಾ" ಎಂದರು.

ಆ ವಾರ ಅವಳು ಬರೆದದ್ದರಲ್ಲಿ ನಾಯಕನಿಗೆ ಒಂದೇ ಪುಟ ಸಿಕ್ಕಿತು. ಉಳಿದದ್ದೆಲ್ಲ ಸುರಂಗದೊಳಗಿದ್ದವರ ಬಗ್ಗೆ. ಅಪ್ಪ ಅದನ್ನು ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡರು. ಆಮೇಲೆ ಪೆನ್ಸಿಲ್ ತೆಗೆದುಕೊಂಡು, ಕಂಬ ಸಡಿಲವಾಗದಂತೆ ಅದರ ತಲೆಗೆ ಮರದ ಬೆಣೆ ಹೊಡೆಯುವುದು ಹೇಗೆಂದು ಹಾಳೆಯ ಅಂಚಿನಲ್ಲಿ ಚಿತ್ರ ಬರೆದು ತೋರಿಸಿದರು.